ತಣ್ಣನೆಯ ಲಕೋಟೆ

"ಈ ಸಲವೂ ಸೋತ್ರೆ ನಾನು ಹೊಲಿಗೆ ವಿಭಾಗದ ಕಡೆ. ಆಮೇಲೆ ಬೇಜಾರು ಮಾಡ್ಕೋಬೇಡ."

ಹತ್ತು ವರ್ಷದ ಮಗಳು ಬಾಯ್ತುಂಬ ಹಲ್ಲುಪುಡಿಯ ನೊರೆ ಇಟ್ಟುಕೊಂಡೇ ಹೀಗೆಂದಾಗ, ಚಪ್ಪಲಿ ಕಾರ್ಖಾನೆಯ ಉಗ್ರಾಣದ ಗುಮಾಸ್ತ ಒಂದು ಕಾಲಿಗೆ ಕಾಲುಚೀಲ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದಿದ್ದ. ಅದು ಕೈಯಲ್ಲೇ ಉಳಿಯಿತು.

ಕಾರ್ಖಾನೆಯಲ್ಲಿ ಅವನಿಗೆ 'ಅಂಕಿಅಂಶ' ಎಂದೇ ಹೆಸರು. ಬ್ಯಾಸ್ಕೆಟ್‌ಬಾಲ್ ಎಂದರೆ ಅವನಿಗೆ ಪ್ರಾಣ. ಯಾವ ಇಸವಿಯಲ್ಲಿ ಯಾವ ತಂಡ ಯಾವ ಹುಡುಗನನ್ನು ಆರಿಸಿ ಬಾಳು ಬೆಳಗಿಕೊಂಡಿತು, ಯಾವುದು ಕೈ ಸುಟ್ಟುಕೊಂಡಿತು, ಎಲ್ಲಾ ನಾಲಿಗೆಯ ತುದಿಯಲ್ಲಿ. ಅವನು ಹೇಳಿದ್ದನ್ನೆಲ್ಲ ಮಗಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಳು. ಅದರಲ್ಲಿ 'ಎತ್ತರ ನೋಡಿ ಮೋಸ ಹೋದವರು' ಎಂಬುದೇ ಎರಡು ಪುಟ. ಆದರೆ ಅಪ್ಪನೇ ನಾಯಕನಾಗಿರುವ ಉಗ್ರಾಣದ ತಂಡ ಮಾತ್ರ ಕಾರ್ಖಾನೆಯ ವಾರ್ಷಿಕ ಪಂದ್ಯಾವಳಿಯಲ್ಲಿ ಮೂರು ವರ್ಷದಿಂದ ಮೊದಲ ಸುತ್ತಿನಲ್ಲೇ ಮಕಾಡೆ ಮಲಗುತ್ತಿತ್ತು.

"ಈ ಸಲ ನೋಡು ಮಗಳೇ! ಏಣಿ ನಮ್ಮವನೇ!"

ಏಣಿ ಎಂದರೆ ಹೊಸದಾಗಿ ಸೇರಿದ ಎಲೆಕ್ಟ್ರಿಷಿಯನ್. ನೆಲದ ಮೇಲೆ ನಿಂತೇ ಬಲ್ಬು ಬದಲಾಯಿಸುವ ಆಸಾಮಿ. ಆ ವರ್ಷ ಸೇರಿದ ನಾಲ್ವರನ್ನು ಅಂದು ಸಂಜೆ ನಾಲ್ಕಕ್ಕೆ ನಾಲ್ಕು ವಿಭಾಗಗಳ ತಂಡಗಳಿಗೆ ಹಂಚುವುದಿತ್ತು. ಪ್ರತಿ ನಾಯಕ ತನ್ನ ವಿಭಾಗದ ಹೆಸರು ಬರೆದ ಲಕೋಟೆಯನ್ನು ಡ್ರಮ್ಮಿಗೆ ಹಾಕಬೇಕು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಕ್ಯಾಂಟೀನ್ ಅಕ್ಕ ಯಾರ ಲಕೋಟೆ ಮೊದಲು ಎತ್ತುತ್ತಾಳೋ ಅವರಿಗೆ ಮೊದಲ ಆಯ್ಕೆ. ಮೊದಲ ಆಯ್ಕೆ ಎಂದರೆ ಏಣಿ. ಅದರಲ್ಲಿ ಎರಡು ಮಾತಿಲ್ಲ.

ಹತ್ತು ಗಂಟೆಗೆ ಖಾಲಿ ಲಕೋಟೆ ಕೈಗೆ ಬರುತ್ತಲೇ ಅಂಕಿಅಂಶನ ತಲೆಯಲ್ಲಿ ಹಳೆಯ ಕತೆಯೊಂದು ಮಿಂಚಿತು. ದೂರದ ಯಾವುದೋ ದೊಡ್ಡ ಲೀಗಿನಲ್ಲಿ ಹೀಗೇ ಲಕೋಟೆ ಎತ್ತುವಾಗ, ಬೇಕಾದ ತಂಡದ ಲಕೋಟೆಯನ್ನು ಮೊದಲೇ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿದ್ದರಂತೆ, ಎತ್ತುವವನು ಮುಟ್ಟಿ ಗುರುತು ಹಿಡಿದನಂತೆ ಎಂಬ ಗುಮಾನಿ. ಸಾಬೀತಾಗಿರಲಿಲ್ಲ. ಆದರೂ ಹನ್ನೆರಡು ವರ್ಷದಿಂದ ಮಧ್ಯಾಹ್ನದ ಊಟದ ಹೊತ್ತಿಗೆ ಅವನು ಈ ಕತೆ ಹೇಳದ ವಾರವಿರಲಿಲ್ಲ. ಹೇಳುವವನಿಗೇ ಅದು ಇವತ್ತಿನವರೆಗೆ ಉಪಯೋಗಕ್ಕೆ ಬಂದಿರಲಿಲ್ಲ!

ಉಗ್ರಾಣದಿಂದ ಕ್ಯಾಂಟೀನಿಗೆ ಓಡುವಾಗ ಕಿವಿಯ ಪಕ್ಕದಲ್ಲೇ ಏನೋ ಸುಂಯ್ ಎಂದಿತು. ಪ್ಯಾಕಿಂಗಿಗೆ ಹೊಸದಾಗಿ ಸೇರಿದ ಕುಳ್ಳಿಯೊಬ್ಬಳು ಕೂತಲ್ಲಿಂದಲೇ ತೊಗಲಿನ ಚೂರುಗಳನ್ನು ಉಂಡೆ ಮಾಡಿ, ಹತ್ತು ಮಾರು ದೂರದ ಕಸದ ಬುಟ್ಟಿಗೆ ತಿರುಗಿಯೂ ನೋಡದೆ ಎಸೆಯುತ್ತಿದ್ದಳು. ಒಂದೂ ಹೊರಗೆ ಬಿದ್ದಿರಲಿಲ್ಲ.

"ಏನಮ್ಮಾ, ಕಣ್ಣು ಕಾಣಲ್ವಾ? ಎದ್ದು ಹೋಗಿ ಹಾಕೋಕೆ ಏನು ರೋಗ?" ಎಂದು ಗದರಿ ಮುಂದೆ ಓಡಿದ.

ಕ್ಯಾಂಟೀನಿನ ಫ್ರಿಜ್ಜಿನ ಮುಂದೆ ಹೊಲಿಗೆಯಮ್ಮ ನಿಂತಿದ್ದಳು. ಹೊಲಿಗೆ ವಿಭಾಗದ ನಾಯಕಿ. ಅವನನ್ನು ಕಂಡು ಬಾಗಿಲನ್ನು ದಢಾರನೆ ಮುಚ್ಚಿದಳು.

"ಮಂಡಿ ನೋವು ಕಣಪ್ಪಾ. ಐಸ್ ಇಡೋಣ ಅಂತ."

ಅವಳು ಹೋದ ಮೇಲೆ ಬಾಗಿಲು ತೆರೆಯಬೇಕು ಎನ್ನುವಷ್ಟರಲ್ಲಿ ಅಟ್ಟೆ ವಿಭಾಗದ ಮೇಸ್ತ್ರಿ ಕೆನ್ನೆ ಹಿಡಿದುಕೊಂಡು ಬಂದ. "ಹಲ್ಲು ನೋವು, ಐಸು..." ಅವನ ಹಿಂದೆಯೇ ಕತ್ತರಿ ವಿಭಾಗದ ಮಾಸ್ತರು. "ಮಣಿಕಟ್ಟು ಉಳುಕಿದೆ ಮಾರಾಯಾ."

'ಪಾಪ, ಎಲ್ಲರಿಗೂ ವಯಸ್ಸಾಯ್ತು. ಇಂಥವರನ್ನು ಸೋಲಿಸೋದು ಎಷ್ಟರ ಮಾತು!' ಎಂದು ಹಿಗ್ಗಿದ ಅಂಕಿಅಂಶ, ಎಲ್ಲರೂ ತೊಲಗಿದ ಮೇಲೆ ಲಕೋಟೆಯನ್ನು ಬಟಾಣಿ ಚೀಲದ ಅಡಿಗೆ ತುರುಕಿದ. ಆಮೇಲೆ ಪಾತ್ರೆ ಒರೆಸುತ್ತಿದ್ದ ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದ.

"ಅಕ್ಕಾ, ಸಂಜೆ ತಣ್ಣಗಿರೋದನ್ನ ಮೊದಲು ಎತ್ತು. ನನ್ನ ಮಗಳ ಮುಂದೆ ಮಾನ ಉಳಿಸು."

ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನೀವೂನಾ? ಆಯ್ತು ಬಿಡಿ."

ಆ 'ನೀವೂ' ಅವನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮೂರೂವರೆಗೆ ಬಂದು ನೋಡಿದರೆ ಲಕೋಟೆ ಮಂಜಿಗೆ ಅಂಟಿಕೊಂಡು ಕೂತಿದೆ! ಚಮಚದಿಂದ ಕೆರೆದು, ಉಫ್ ಎಂದು ಊದಿ, ಅಂತೂ ಬಿಡಿಸಿದ. ತಂಪು ಆರದಿರಲೆಂದು ನಾಲ್ಕು ಐಸ್ ತುಂಡುಗಳ ಸಮೇತ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಅಂಗಿಯೊಳಗೆ ಇಳಿಬಿಟ್ಟ. ಹೊಟ್ಟೆಗೆ ಚೇಳು ಕುಟುಕಿದಂತಾಯಿತು. ಆದರೂ ನಕ್ಕ.

ಬ್ಯಾಸ್ಕೆಟ್‌ಬಾಲ್ ಅಂಗಳದ ಸುತ್ತ ಕೆಲಸಗಾರರ ಮನೆಮಂದಿಯೆಲ್ಲ ಸೇರಿದ್ದರು. ಮಗಳು ನೋಟ್‌ಬುಕ್ ಹಿಡಿದು ಉಗ್ರಾಣದ ಬೆಂಚಿನಲ್ಲಿ ಕೂತಿದ್ದಳು. ಮ್ಯಾನೇಜರು ಮೈಕು ಹಿಡಿದವರು ಶಿಸ್ತಿನ ಮಾತಿನಿಂದ ಶುರುಮಾಡಿ ಚಪ್ಪಲಿಯ ಬಾಳಿಕೆಗೆ ಬಂದರು, ಅಲ್ಲಿಂದ ಮತ್ತೆ ಶಿಸ್ತಿಗೆ ಹೋದರು. ಇಪ್ಪತ್ತೈದು ನಿಮಿಷ! ಅಂಕಿಅಂಶನ ಚೀಲ ಎಲ್ಲೋ ತೂತಾಗಿತ್ತು. ನೀರು ಹೊಟ್ಟೆಯಿಂದ ಸೊಂಟಕ್ಕೆ, ಸೊಂಟದಿಂದ ಪ್ಯಾಂಟಿಗೆ ಇಳಿಯಿತು.

"ಅಪ್ಪಾ," ಮಗಳು ಗಾಬರಿಯಿಂದ ಪಿಸುಗುಟ್ಟಿದಳು, "ಬಾತ್‌ರೂಮಿಗೆ ಹೋಗ್ಬೇಕಿತ್ತಾ?"

"ಶ್! ಇದು ತಂತ್ರ!"

ಅಂತೂ ನಾಲ್ಕು ಲಕೋಟೆಗಳು ಡ್ರಮ್ಮಿಗೆ ಬಿದ್ದವು. ಅಕ್ಕ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೈ ಹಾಕಿದಳು.

"ಅಯ್ಯಪ್ಪಾ!" ಅಕ್ಕ ಕೈ ಹೊರಗೆಳೆದಳು. "ಇದೇನು ಡ್ರಮ್ಮೋ, ಮೀನಿನ ಪೆಟ್ಟಿಗೆಯೋ! ತಣ್ಣಗಿರೋದನ್ನ ಎತ್ತು, ತಣ್ಣಗಿರೋದನ್ನ ಎತ್ತು ಅಂತ ನಾಲ್ಕೂ ಜನ ಹೇಳಿದ್ರಿ. ನಾಲ್ಕೂ ತಣ್ಣಗಿವೆ. ಈಗ ಯಾವ್ದನ್ನ ಎತ್ಲಿ?"

ಹೊಲಿಗೆಯಮ್ಮ ಮಂಡಿಯನ್ನೂ, ಮೇಸ್ತ್ರಿ ಕೆನ್ನೆಯನ್ನೂ, ಮಾಸ್ತರು ಮಣಿಕಟ್ಟನ್ನೂ ಒಟ್ಟಿಗೆ ಹಿಡಿದುಕೊಂಡರು.

"ಯಾರ ಕಿತಾಪತಿ ಇದು?" ಮ್ಯಾನೇಜರು ಗುಡುಗಿದರು.

ಮೂರು ಬೆರಳುಗಳು ಅಂಕಿಅಂಶನ ಕಡೆ ತಿರುಗಿದವು. "ಇವನೇ ಹೇಳ್ಕೊಟ್ಟಿದ್ದು ಸಾರ್. ಹನ್ನೆರಡು ವರ್ಷದಿಂದ, ಊಟದ ಹೊತ್ತಿಗೆ!"

ಮ್ಯಾನೇಜರು ಲಕೋಟೆಗಳನ್ನು ಬಿಡಿಸಿದರು. ನಾಲ್ಕರಲ್ಲೂ ಶಾಯಿ ಕರಗಿ ನೀಲಿ ಮೋಡ. ಯಾರದು ಯಾವುದೆಂದು ಬ್ರಹ್ಮನಿಗೂ ಗೊತ್ತಾಗುವಂತಿರಲಿಲ್ಲ.

"ಲಕೋಟೆ ಸಹವಾಸ ಸಾಕು. ಏನಪ್ಪಾ ಏಣಿ, ನೀನೇ ಹೇಳು. ಯಾವ ತಂಡ?"

ಏಣಿ ಎದ್ದು ನಿಂತ. ನಿಲ್ಲುತ್ತಲೇ ಇದ್ದ. ಕೊನೆಗೆ ಪೂರ್ತಿ ನಿಂತು, ನಾಲ್ಕೂ ಕಡೆ ನೋಡಿ ಹೇಳಿದ. "ಉಗ್ರಾಣ."

ಅಂಕಿಅಂಶ ಒದ್ದೆ ಪ್ಯಾಂಟಿನಲ್ಲೇ ಎಗರಿದ! ಓಡಿಹೋಗಿ ಏಣಿಯ ಮೊಣಕೈಯನ್ನು ಅಪ್ಪಿಕೊಂಡ. ಅಷ್ಟೇ ಅವನಿಗೆ ಎಟುಕಿದ್ದು. "ನೋಡಿದ್ಯಾ ಮಗಳೇ! ಗುಣ ಬಲ್ಲವನು! ನಮ್ಮಲ್ಲಿ ಏನು ಕಂಡೆ, ಹೇಳಪ್ಪಾ ಎಲ್ಲರಿಗೂ!"

"ನೀವು ಮೊದಲನೇ ಸುತ್ತಲ್ಲೇ ಸೋಲ್ತೀರಂತಲ್ಲ ಅಣ್ಣಾ," ಏಣಿ ಸಂಕೋಚದಿಂದ ಹೇಳಿದ. "ಒಂದೇ ದಿನಕ್ಕೆ ಮುಗಿಯುತ್ತೆ. ನನಗೆ ಚೆಂಡು ಅಂದ್ರೆ ಭಯ. ಉದ್ದ ಇದೀನಿ ಅಂತ ಚಿಕ್ಕಂದಿನಿಂದ ಎಲ್ರೂ ನನ್ನ ಕಡೆಗೇ ಎಸೆದೂ ಎಸೆದೂ ಮೂಗು ಎರಡು ಸಲ ಮುರಿದಿದೆ."

ಉಳಿದ ಮೂವರನ್ನು ಉಳಿದವರು ಹಂಚಿಕೊಂಡರು. ಹೊಲಿಗೆಯಮ್ಮನ ಪಾಲಿಗೆ ಬಂದವಳು ಪ್ಯಾಕಿಂಗಿನ ಕುಳ್ಳಿ. ಯಾರೋ ಅವಳತ್ತ ಚೆಂಡು ಉರುಳಿಸಿದರು. ಅವಳು ಗೇಟಿನ ಬಳಿಯಿಂದಲೇ, ಕಸದ ಬುಟ್ಟಿಗೆ ಎಸೆದಂತೆ ಎಸೆದಳು. ಏಣಿ 'ಅಮ್ಮಾ' ಎಂದು ಮುದುರಿ ಕೂತ. ಚೆಂಡು ಅವನ ತಲೆಯ ಮೇಲಿಂದ ಹಾದು, ಕಂಬದ ಮೇಲಿನ ಕಬ್ಬಿಣದ ಬಳೆಯನ್ನು ಮುಟ್ಟದೆ, ಬಲೆಯೊಳಗೆ ಸುಂಯ್ ಎಂದು ಇಳಿಯಿತು.

ಅಂಗಳವೆಲ್ಲ ಹೋ ಎಂದಿತು. ಅಂಕಿಅಂಶ ಅಂಗಿ ಹಿಂಡಿಕೊಳ್ಳುತ್ತಾ ತನ್ನ ಬೆಂಚಿನ ಕಡೆ ತಿರುಗಿದ. ಬೆಂಚು ಖಾಲಿ.

"ಅಪ್ಪಾ!" ಎಂದು ಮಗಳ ದನಿ ಕೇಳಿತು. ಅವಳು 'ಎತ್ತರ ನೋಡಿ ಮೋಸ ಹೋದವರು' ಪುಟ ತೆರೆದು ಪೆನ್ಸಿಲ್ ಹಿಡಿದಿದ್ದಳು. "ಬರೀ ಇಸವಿ ಸಾಕಾ, ತಾರೀಖೂ ಬರೀಬೇಕಾ?" ಎಂದು ಕೂಗಿ ಕೇಳಿದಳು, ಹೊಲಿಗೆ ವಿಭಾಗದ ಬೆಂಚಿನಿಂದ.