ಎರಡು ವಿದ್ಯೆ, ಒಂದು ಸಾಮಾನು

ನಮ್ಮ ಸೋದರಮಾವ ಮುಳಬಾಗಿಲಿನ ತಮ್ಮ ಮನೆಯಲ್ಲಿ ಆನೆ, ಹುಲಿ, ಮೊಸಳೆ ಎಲ್ಲ ಸಾಕಿದ್ದರು ಅಂದರೆ ನೀವು ನಂಬುತ್ತೀರಾ? ನಂಬಬೇಡಿ. ಇದ್ದದ್ದು ಒಂದು ಬೆಕ್ಕು, ಅದೂ ಪಕ್ಕದ ಮನೆಯದು.

ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಮಾವ ತಾವೇ ಒಂದು ಆಟ ಕಟ್ಟಿದ್ದರು. ಎಪ್ಪತ್ತರ ದಶಕದ ಬೇಸಿಗೆ ರಜೆಗಳಲ್ಲಿ, ಊಟವಾಗಿ ಊರೆಲ್ಲ ತೂಕಡಿಸುವ ಹೊತ್ತಿಗೆ, ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಲೋಕ ಬರೆಯುತ್ತಿದ್ದರು. ಆ ಲೋಕದಲ್ಲಿ ತಾಯಲೂರು ಕೆರೆ ದಾಟಿದರೆ ಆಂಧ್ರ ಬರುತ್ತಿರಲಿಲ್ಲ, ಸಮುದ್ರ ಬರುತ್ತಿತ್ತು. ಅದರಾಚೆ ಮಂಜು. ಮಂಜಿನಾಚೆ ಏನಿದೆಯೋ ಮಾವನಿಗೂ ಗೊತ್ತಿರಲಿಲ್ಲ, ಹೋಗಿಯೇ ನೋಡಬೇಕು. ದಾರಿಗೆ ಜೊತೆಯಾಗಿ ಒಬ್ಬೊಬ್ಬರಿಗೂ ಒಂದು ಪ್ರಾಣಿ. ಅದಕ್ಕೆ ಎರಡು ವಿದ್ಯೆ, ಒಂದು ಸಾಮಾನು ನಾವೇ ಆರಿಸಬೇಕು. ಅದನ್ನು ಮಾವ ಒಪ್ಪಬೇಕು, ಆಮೇಲೆ ಎಸೆದ ಕವಡೆಯೂ ಒಪ್ಪಬೇಕು.

ಮಾವ ಒಪ್ಪುವುದೆಂದರೆ ಸುಮ್ಮನೆಯೇ? ನನ್ನ ತಮ್ಮ ತನ್ನ ಎಮ್ಮೆಗೆ ಹಾರುವ ವಿದ್ಯೆ ಕೇಳಿದ. "ಹಾಲು ಕರೆಯೋಕೆ ಏಣಿ ಹಾಕ್ತೀಯೇನ್ಲಾ?" ಅಂದರು. ನಾನು ನನ್ನ ಹುಲಿಗೆ ಸದ್ದಿಲ್ಲದೆ ನಡೆಯುವ ವಿದ್ಯೆ, ಮರ ಹತ್ತುವ ವಿದ್ಯೆ ಕೊಟ್ಟು, ಚೆಂದಕ್ಕಿರಲಿ ಅಂತ ಕೊರಳಿಗೆ ಗಂಟೆ ಕಟ್ಟಿದೆ. ಮಾವ ಮರುಮಾತಿಲ್ಲದೆ ಒಪ್ಪಿದರು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಗಂಟೆ ಕೇಳಿದ್ದೇ ತಡ, ಕಾಡಿನ ಜಿಂಕೆಗಳೆಲ್ಲ ಪರಾರಿ! ನನ್ನ ಹುಲಿ ಆ ರಜೆಯೆಲ್ಲ ಮಾವಿನಹಣ್ಣು ತಿಂದು ಬದುಕಿತು.

ಮಾವನಿಗೆ ಇದ್ದದ್ದು ಒಂದೇ ಆಸೆ. ಅತ್ತೆ ಒಂದು ಸಲ ತಮ್ಮ ಜೊತೆ ಕೂತು ಆಡಬೇಕು. "ಬಾರೇ, ನಿಂಗೆ ನವಿಲು ಕೊಡ್ತೀನಿ" ಅಂತ ದಿನಾ ಕರೆಯುತ್ತಿದ್ದರು. ಅತ್ತೆಯ ತವರು ಗಡಿಯಾಚೆ, ಸಿಟ್ಟಿಗೆ ತೆಲುಗೇ ಆಗಬೇಕು. "ಪಿಚ್ಚಿ ಪಟ್ಟಿಂದಿ ಈಯನಕು" ಎಂದು ಗೊಣಗಿ, ನಮ್ಮ ಕಡೆ ತಿರುಗಿ, "ಹುಚ್ಚು ಕಣ್ರೋ ನಿಮ್ಮ ಮಾವಂಗೆ. ಬಾವೀಲಿ ನೀರು ಸೇದೋಕೆ ಒಂದು ಪ್ರಾಣಿ ಇಲ್ಲ ಈ ಮನೇಲಿ, ನವಿಲಂತೆ" ಅನ್ನುತ್ತ ಸಮುದ್ರದ ಮೇಲೇ ನಡೆದು ಅಡುಗೆಮನೆಗೆ ಹೋಗುತ್ತಿದ್ದರು. ಅವರ ಸೀರೆಯ ಅಂಚಿಗೆ ಸಿಕ್ಕಿ ಅರ್ಧ ದ್ವೀಪ ಅಳಿಸಿಹೋಗುತ್ತಿತ್ತು. ಮಾವ ಪೆಚ್ಚುಮೋರೆ ಹಾಕಿಕೊಂಡು ಮತ್ತೆ ಬರೆಯುತ್ತಿದ್ದರು.

ಒಂದು ಬೇಸಿಗೆ ಮಾವನಿಗೆ ಎದೆನೋವು ಬಂತು. ಕೋಲಾರದ ಆಸ್ಪತ್ರೆಯಲ್ಲಿದ್ದು, ಸೊರಗಿ ಮನೆಗೆ ಬಂದರು. ಬಗ್ಗಬಾರದು ಅಂತ ಡಾಕ್ಟರು ಹೇಳಿದ್ದರು. ಹಾಗಾಗಿ ಅವರು ಮಂಚಕ್ಕೆ ಒರಗಿಕೊಂಡು ಹೇಳುತ್ತ ಹೋದರು, ನಾನು ಲೋಕ ಬರೆದೆ. ಗಂಜಿ ತಂದ ಅತ್ತೆ ಲೋಟ ಕೊಟ್ಟು ವಾಪಸು ಹೋಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ನಮ್ಮ ಪಕ್ಕದಲ್ಲಿ ನೆಲದ ಮೇಲೆ ಕೂತರು.

"ನಂಗೂ ಒಂದು ಪ್ರಾಣಿ ಕೊಡಿ."

ಮಾವ ಬಾಯಲ್ಲಿದ್ದ ಗಂಜಿ ನುಂಗುವುದನ್ನೇ ಮರೆತರು. ಆಮೇಲೆ ಕೇಳಿದರು, "ನವಿಲಾ?"

"ನವಿಲ್ಯಾಕೆ, ಕತ್ತೆ ಸಾಕು. ಕರೆದ್ರೆ ಓ ಅನ್ನಬೇಕು. ಅದೊಂದು ವಿದ್ಯೆ."

"ಇನ್ನೊಂದು?"

ಅತ್ತೆ ನೆಲ ನೋಡುತ್ತ ಹೇಳಿದರು, "ನನಗಿಂತ ಮುಂಚೆ ಹೋಗಬಾರದು."

ಸಾಮಾನು ಏನು ಅಂತ ಯಾರೂ ಕೇಳಲಿಲ್ಲ. ನನ್ನ ತಮ್ಮ ಕವಡೆ ಹಿಡಿದ ಕೈಯನ್ನು ಮಾವನತ್ತ ಚಾಚಿದ. ಮಾವ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಕೊಟ್ಟೆ ಕಣೇ" ಅಂದರು.