ಐದು ಮಿಲಿಗ್ರಾಮಿನ ಜಂಬ

ವಯಸ್ಸಾದರೂ ನಮ್ಮನ್ನು ಬಿಡದ ಚಟವೆಂದರೆ ಹೋಲಿಕೆ. ಮೊದಲು ಸೀರೆ, ಆಮೇಲೆ ಸೊಸೆ, ಕೊನೆಗೆ ಮಾತ್ರೆ. ಗಂಜಾಂನಲ್ಲಿ ನಾನೂ ಪಕ್ಕದ ಮನೆಯ ಪುಟ್ಟತಾಯಮ್ಮನೂ ಈ ಮೂರನೆಯ ಸ್ಟೇಜಿನಲ್ಲಿದ್ದೆವು. ನನಗೆ ಕೀಲುವಾತ, ಬೆಳಿಗ್ಗೆ ಬೆರಳು ಮಡಚಿ ರವಿಕೆಯ ಹುಕ್ಕು ಹಾಕುವುದೇ ಒಂದು ಸಾಹಸ. ಹಾಲು ಮಾರುವ ಪುಟ್ಟತಾಯಮ್ಮನಿಗೆ ಉಬ್ಬಸ. ಇಬ್ಬರಿಗೂ ಒಬ್ಬರೇ ಡಾಕ್ಟರು, ಇಬ್ಬರಿಗೂ ಸ್ಟೆರಾಯ್ಡು. ನನ್ನದು ಪ್ರೆಡ್ನಿಸೊಲೋನ್, ಐದು ಮಿಲಿಗ್ರಾಂ. ಆಕೆಯದು ಬೆಟಾಮೆಥಸೋನ್, ಬರೀ ಅರ್ಧ ಮಿಲಿಗ್ರಾಂ. "ನಿಂದು ಮೈಲ್ಡು ಕಣಮ್ಮ," ಎಂದು ನಾನು ಜಂಬದಿಂದ ಹೇಳುತ್ತಿದ್ದೆ. ಕಾಯಿಲೆಯಲ್ಲೂ ಸೀನಿಯಾರಿಟಿ ಬೇಕು ನೋಡಿ! ಮಾತ್ರೆಯ ದೆಸೆಯಿಂದ ಇಬ್ಬರ ಮುಖವೂ ಒಂದೇ ಅಳತೆಗೆ ಊದಿಕೊಂಡಿದ್ದನ್ನು ಮಾತ್ರ ನಾನು ಗಮನಿಸಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನೋಡುತ್ತೇನೆ, ನನ್ನ ಮಾತ್ರೆ ಖಾಲಿ. ಔಷಧಿ ಅಂಗಡಿಗೆ ಬೀಗ, ನಮ್ಮ ಫೋನು ಡೆಡ್. ಒಂದು ದಿನವೂ ತಪ್ಪಿಸಬಾರದೆಂದು ಡಾಕ್ಟರು ಹೆದರಿಸಿದ್ದರು. ಕಾನ್ವೆಂಟಿನಲ್ಲಿ ಮೆಂಟಲ್ ಅರಿಥ್‌ಮೆಟಿಕ್ಕಿಗೆ ಪ್ರೈಜು ಹೊಡೆದವಳು ನಾನು; ಅರ್ಧರ್ಧದ ಹತ್ತು ಸೇರಿದರೆ ಐದು. ಸಿಂಪಲ್!

"ಪುಟ್ಟತಾಯಮ್ಮ, ನಿನ್ನ ಮಾತ್ರೆ ಒಂದು ಹತ್ತು ಕೊಡು, ನುಂಗಬೇಕು."

ಆಕೆ ಹಾಲಿನ ಕ್ಯಾನು ಕೆಳಗಿಟ್ಟಳು. "ಅತ್ತಾ? ಒಂದು ನುಂಗುದ್ರೇ ನಂಗೆ ಎಮ್ಮೆ ಅಸಿವಾಯ್ತದೆ. ಅತ್ತು ನುಂಗುದ್ರೆ ನೀವು ನಮ್ಮ ಕೊಟ್ಟಿಗೇನೇ ತಿಂದ್ಬುಟ್ಟೀರಿ!"

"ನಿಂಗೆ ಲೆಕ್ಕ ಗೊತ್ತಾಗಲ್ಲ. ನಿಂದು ಸಣ್ಣ ಡೋಸು."

"ಸೂಜಿಮೆಣಸಿನಕಾಯೂ ಸಣ್ದೇಯ. ದಪ್ಪ ಮೆಣಸಿನಕಾಯಿ ತೂಕುಕ್ಕೆ ತೂಗಿ ಸಾರಿಗೆ ಆಕ್ತೀರಾ? ನಡೀರಿ ಅಮ್ಮಾರೇ, ಡಾಕ್ಟ್ರು ಮನೆಗೇ ಓಗವ."

ವಿಷಯ ಕೇಳಿದ ಡಾಕ್ಟರು ಕಾಫಿ ಲೋಟ ಕೆಳಗಿಟ್ಟರು. "ಮೇಡಂ, ಆಕೆಯ ಅರ್ಧ ನಿಮ್ಮ ಐದಕ್ಕೆ ಹೆಚ್ಚುಕಡಿಮೆ ಸಮ. ಉರಿಯೂತ ಇಳಿಸೋ ಕೆಲಸ ಎರಡರದ್ದೂ ಒಂದೇ. ಅದು ಮೈಯಲ್ಲಿ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತೆ. ಹತ್ತು ದಿನದ್ದನ್ನ ಒಂದೇ ಸಲ ನುಂಗೋಕೆ ಹೊರಟಿದ್ರಲ್ಲ! ಒಬ್ಬರದನ್ನ ಒಬ್ಬರು ಮುಟ್ಟಲೇಬೇಡಿ." ನನ್ನ ಮಾತ್ರೆಯನ್ನೇ ಎರಡು ಹುಡುಕಿ ಕೊಟ್ಟರು.

ವಾಪಸು ಬರುವಾಗ ಪುಟ್ಟತಾಯಮ್ಮ ಮೂರು ಕಡೆ ನಿಂತು ಉಸಿರು ಸುಧಾರಿಸಿಕೊಂಡಳು. ಆ ಎದೆಯ ಸುಯ್ಲು ನನ್ನ ಕಿವಿಗೆ ಅವತ್ತೇ ಸರಿಯಾಗಿ ಬಿದ್ದದ್ದು. ಇದನ್ನು ನಾನು ಮೈಲ್ಡು ಅನ್ನುತ್ತಿದ್ದೆ. ಅದೇ ಉಸಿರು ಹೊತ್ತು ಆಕೆ ನನಗಾಗಿ ಅಷ್ಟು ದೂರ ನಡೆದಿದ್ದಳು.

ಈಗ ದಿನಾ ಹಾಲು ಹಾಕುವಾಗ ಆಕೆಯದು ಇನ್‌ಸ್ಪೆಕ್ಷನ್ನು. "ಎಷ್ಟು ನುಂಗುದ್ರಿ? ಎಲ್ಲಿ, ಆ ಅನ್ನಿ!" ಕಾಡ್‌ಲಿವರ್ ಎಣ್ಣೆಯನ್ನು ಕೆನ್ನೆಯಲ್ಲಿಟ್ಟುಕೊಂಡು ಕಾನ್ವೆಂಟಿನ ಮದರ್‌ಗೇ ಟೋಪಿ ಹಾಕುತ್ತಿದ್ದವಳು ನಾನು. ಪುಟ್ಟತಾಯಮ್ಮನ ಮುಂದೆ ಮಾತ್ರ ನಾಲಿಗೆ ಎತ್ತಿಯೂ ತೋರಿಸುತ್ತೇನೆ.