ದೋಣಿಗೆ ಹಾಕಿದ ಒಗ್ಗರಣೆ

ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ಬಲವಾಗಿ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಕೆ.ಆರ್. ನಗರದ ಕಡೆಯ ನನ್ನ ತವರಿನಿಂದ ತಂದ ದೋಸೆ ಕಾವಲಿ ಇಂದಿಗೂ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತದೆ. ಬೇರೆ ಯಾರನ್ನೂ ಹೊಗಳದೆ ತೀರಿಕೊಂಡ ನಮ್ಮತ್ತೆ ಕೂಡ ಒಮ್ಮೆ, "ಇವಳ ಕೈಲಿ ಕಬ್ಬಿಣ ಬಾಳ್ತದೆ ಬುಡು" ಅಂದಿದ್ದರು. ಆ ಒಂದು ಮಾತು ನನ್ನ ತಲೆಗೇರಿ ಕೂತುಬಿಟ್ಟಿತ್ತು.

ನಮ್ಮೂರಿರುವುದು ಎನ್. ಬೇಗೂರಿನ ಹತ್ತಿರ, ಕಬಿನಿ ಹಿನ್ನೀರಿನ ಅಂಚಿನಲ್ಲಿ. ಮನೆ ಈ ದಡದಲ್ಲಿ, ಹೊಲ ಆ ದಡದಲ್ಲಿ. ರಸ್ತೆ ಹಿಡಿದು ಸುತ್ತಿಕೊಂಡು ಹೋದರೆ ಕಟ್ಟಿಕೊಂಡ ಬುತ್ತಿ ದಾರಿಯಲ್ಲೇ ಹಳಸುತ್ತದೆ. ಹಾಗಾಗಿ ನಮಗೊಂದು ಕಬ್ಬಿಣದ ತಗಡಿನ ದೋಣಿ, ಅದನ್ನು ನೀರಿಗೆ ಇಳಿಸುವುದಕ್ಕೂ ಮೇಲೆ ಎಳೆಯುವುದಕ್ಕೂ ಹುಣಸೂರಿನಲ್ಲಿ ಮಾಡಿಸಿದ ಎರಡು ಚಕ್ರದ ಟ್ರೈಲರು. ಬೇಸಿಗೆಯಲ್ಲಿ ನೀರು ಹಿಂದಕ್ಕೆ ಸರಿದಾಗ ಎರಡೂ ಬಂದು ನಮ್ಮ ಅಂಗಳದಲ್ಲಿ ಕೂರುತ್ತವೆ. ಸುಮ್ಮನೆ ಕೂರುವುದಿಲ್ಲ, ತುಕ್ಕು ಹಿಡಿಸಿಕೊಳ್ಳುತ್ತಾ ಕೂರುತ್ತವೆ.

ಈ ಸಲ ಕಬಿನಿಗೆ ನೀರು ತುಂಬಿಸುವ ವಯನಾಡಿನ ಕಡೆ ಮಳೆ ಶುರುವಾಯಿತೆಂದು ಸುದ್ದಿ ಬಂದ ದಿನ ನಮ್ಮ ಯಜಮಾನರು ದೋಣಿಯ ತಳವನ್ನು ಬೆರಳಿನಲ್ಲಿ ಕೆರೆದು ನೋಡಿದರು. ಕೆಂಪು ಪುಡಿ ಉದುರಿತು.

"ಇನ್ನು ತಡ ಮಾಡಿದ್ರೆ ಈ ವರ್ಷ ರಾಗಿ ಬಿತ್ತಕ್ಕೆ ಈಜ್ಕಂಡೇ ಓಗ್ಬೇಕಾಯ್ತದೆ. ಹ್ಯಾಂಡ್‌ಪೋಸ್ಟ್ ಪ್ಯಾಟೆಗೆ ಓಗಿ ತುಕ್ಕು ಉಜ್ಜಕ್ಕೆ ಉಪ್ಪುಕಾಗದ, ಬಳಿಯಕ್ಕೆ ರೆಡ್ ಆಕ್ಸೈಡು, ಗ್ರೀಸು ತತ್ತೀನಿ," ಅಂದರು.

"ಅದ್ಯಾಕೆ ಅಷ್ಟೊಂದು ಸಾಮಾನು? ಕಬ್ಬಿಣ ತಾನೇ? ಕಾವಲಿ ಪಳಗಿಸ್ದಂಗೆ ಪಳಗಿಸಿದ್ರೆ ಆಯ್ತು," ಅಂದೆ ನಾನು.

ಅವರು ಅಂಗಿ ಗುಂಡಿ ಹಾಕಿಕೊಳ್ಳುತ್ತಿದ್ದವರು ನಿಂತರು. "ಲೇ, ಅದು ದೋಣಿ ಕಣೇ. ಅದ್ರಲ್ಲಿ ದೋಸೆ ಉಯ್ಯಾಕಿಲ್ಲ."

ಈ ಮಾತಿಗೆ ನಗುವ ಅವಶ್ಯಕತೆ ಇರಲಿಲ್ಲ. ಆದರೆ ಬೇಲಿಯಾಚೆ ಪಕ್ಕದ ಮನೆಯ ಪುಟ್ಟತಾಯಮ್ಮ ನಕ್ಕಳು. ಆ ಕ್ಷಣವೇ ನಾನು ಒಂದು ಮಹತ್ತರವಾದ ತೀರ್ಮಾನ ಕೈಗೊಂಡೆ. ಯಜಮಾನರು ಬಸ್ಸಿನಿಂದ ಇಳಿದು ಬರುವಷ್ಟರಲ್ಲಿ ದೋಣಿ ಫಳಫಳ ಹೊಳೆಯುತ್ತಿರಬೇಕು!

ಅವರ ಬಸ್ಸು ಹೊರಟ ಸದ್ದು ಕೇಳಿದ್ದೇ ತಡ, ಸೆರಗು ಸಿಕ್ಕಿಸಿದೆ. ತುಕ್ಕು ತೆಗೆಯುವುದಕ್ಕೆ ಹುಣಸೆಹಣ್ಣು ಮತ್ತು ಕಲ್ಲುಪ್ಪಿಗಿಂತ ಉತ್ತಮವಾದದ್ದು ಲೋಕದಲ್ಲಿಲ್ಲ. ವರ್ಷಕ್ಕೆಂದು ಇಟ್ಟಿದ್ದ ಹುಣಸೆಹಣ್ಣಿನ ಮಡಕೆಯನ್ನೇ ಅಂಗಳಕ್ಕೆ ತಂದೆ. ತೆಂಗಿನ ನಾರು ಹಿಡಿದು ದೋಣಿಯ ಒಳಗೂ ಹೊರಗೂ ಉಜ್ಜಿದೆ. ಟ್ರೈಲರಿನ ಕಂಬಿಗಳನ್ನು ಉಜ್ಜಿದೆ. ನಟ್ಟು ಬೋಲ್ಟುಗಳನ್ನು ಮಗುವಿನ ಕಿವಿ ತಿಕ್ಕಿದಂತೆ ತಿಕ್ಕಿದೆ. ಬಿಂದಿಗೆ ಬಿಂದಿಗೆ ನೀರು ಹೊಯ್ದೆ. ಆಹಾ! ತಗಡು ಬೆಳ್ಳಗೆ ನಕ್ಕಿತು. ಸೊಂಟ ಹಿಡಿದುಕೊಂಡು ಒಳಗೆ ಹೋಗಿ ಕಾಫಿ ಕುಡಿದೆ.

ಕಾಫಿ ಕುಡಿದು ಬಂದರೆ ದೋಣಿ ಕಿತ್ತಳೆ ಹಣ್ಣಾಗಿತ್ತು.

ಒಂದು ಕಡೆಯಲ್ಲ, ಎಲ್ಲ ಕಡೆ! ಹಳೆಯ ತುಕ್ಕಾದರೂ ಅಲ್ಲೊಂದು ಇಲ್ಲೊಂದು ತೇಪೆಯಾಗಿತ್ತು. ಇದು ಹೊಸ ಸೀರೆಯ ಬಣ್ಣದ ಹಾಗೆ ಅಂಚಿನಿಂದ ಅಂಚಿಗೆ ಒಂದೇ ಸಮ ಹರಡಿಕೊಂಡಿತ್ತು. ಉಪ್ಪು ನೀರು ಕುಡಿದ ಬರಿಮೈ ಕಬ್ಬಿಣ ಹಾಗೆಯೇ ಮಾಡುತ್ತದಂತೆ. ನನಗೇನು ಗೊತ್ತು? ಕಾವಲಿಯನ್ನು ತೊಳೆದ ಮರುಕ್ಷಣವೇ ಒರೆಸಿ ಒಲೆಯ ಮೇಲಿಡುತ್ತಿದ್ದೆ. ದೋಣಿಯನ್ನು ಒರೆಸುವ ಬದಲು ಕಾಫಿ ಕುಡಿದಿದ್ದೆ.

ಪುಟ್ಟತಾಯಮ್ಮ ಬೇಲಿಯ ಮೇಲೆ ಕತ್ತು ಹಾಕಿದಳು. "ಏನಮ್ಮಿ, ಬಣ್ಣ ಒಡ್ದುಬುಟ್ಯಾ? ಚೆಂದಾಗದೆ ಕಣಮ್ಮಿ, ಒಳ್ಳೆ ಮದುವೆಮನೆ ಕಳೆ ಬಂದದೆ."

"ಇದು ಮೊದಲ್ನೇ ಹಂತ," ಅಂದೆ ಗಂಭೀರವಾಗಿ.

ಎರಡನೇ ಹಂತವೆಂದರೆ ಎಣ್ಣೆ ಮತ್ತು ಬೆಂಕಿ. ಕಾವಲಿ ಪಳಗುವುದೇ ಅದರಿಂದ. ಅರ್ಧಕ್ಕೆ ಹೆಚ್ಚಿದ ಈರುಳ್ಳಿಯನ್ನು ಕಡಲೆಕಾಯಿ ಎಣ್ಣೆಯಲ್ಲಿ ಅದ್ದಿ ಬಿಸಿ ಕಬ್ಬಿಣದ ಮೇಲೆ ಉಜ್ಜಿದರೆ ಎಣ್ಣೆ ಒಳಗಿಳಿದು ಕಪ್ಪು ಪದರ ಕಟ್ಟುತ್ತದೆ, ಆಮೇಲೆ ತುಕ್ಕು ಹತ್ತಿರ ಸುಳಿಯುವುದಿಲ್ಲ. ದೋಣಿ ದೊಡ್ಡದಾದ್ದರಿಂದ ಈರುಳ್ಳಿ ಬುಟ್ಟಿಯೇ ಬೇಕಾಯಿತು, ಎಣ್ಣೆ ಡಬ್ಬವೇ ಬೇಕಾಯಿತು. ದೋಣಿ ಹೊತ್ತು ನಿಂತಿದ್ದ ಟ್ರೈಲರಿನ ಕೆಳಗೆ ಒಣಗಿದ ಜೋಳದ ದಂಟು, ತೆಂಗಿನ ಗರಿ ಸೇರಿಸಿ ಬೆಂಕಿ ಹಾಕಿದೆ. ಟೈರಿನ ವಿಚಾರ ಮರೆತಿದ್ದೆ ಎಂದು ಯಾರೂ ತಿಳಿಯಬಾರದು. ಟೈರಿಗೆ ಶಾಖ ತಗುಲದಿರಲೆಂದು ಒದ್ದೆ ಗೋಣಿಚೀಲ ಹೊದಿಸಿದ್ದೆ.

ಗೋಣಿಚೀಲ ಇದ್ದದ್ದು ಒಂದು. ಚಕ್ರ ಎರಡು.

ಮೊದಮೊದಲು ಎಲ್ಲವೂ ಸಾಂಗವಾಗಿ ನಡೆಯಿತು. ದೋಣಿ ಕಾಯಿತು. ಈರುಳ್ಳಿ ಉಜ್ಜಿದಲ್ಲೆಲ್ಲ ಚುಂಯ್ ಎಂದಿತು. ಊರಿನ ನಾಯಿಗಳೆಲ್ಲ ಬಂದು ಪಂಕ್ತಿಯಲ್ಲಿ ಕೂತವು. ದಾರಿಯಲ್ಲಿ ಹೋಗುವವರು, "ಏನವ್ವಾ, ಯಾರ ಮನೇಲಿ ಊಟ?" ಎಂದು ಕೇಳಿಕೊಂಡು ಹೋದರು. ಆಮೇಲೆ ಹೊಗೆ ಶುರುವಾಯಿತು. ಕಣ್ಣು ಬಿಡಲಾಗಲಿಲ್ಲ. ಹೊಗೆಯೊಳಗೆ ಕೈಯಾಡಿಸುತ್ತಾ ಎಣ್ಣೆಯನ್ನು ಸ್ವಲ್ಪ ಧಾರಾಳವಾಗಿ ಸುರಿದೆನೆಂದು ಕಾಣುತ್ತದೆ. ಬೆಂಕಿ ಭುಗ್ಗೆಂದಿತು. ನಾನು ಹಿಂದಕ್ಕೆ ಹಾರಿದೆ.

ಢಮಾರ್!

ಗೋಣಿಚೀಲ ಇಲ್ಲದ ಟೈರು ತನ್ನ ಅಭಿಪ್ರಾಯವನ್ನು ತಿಳಿಸಿತ್ತು.

ಬೇರೆ ಊರಾಗಿದ್ದರೆ ಟೈರು ಒಡೆದ ಸದ್ದಿಗೆ ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ನಮ್ಮ ಊರಿನಲ್ಲಿ ಹಾಗಲ್ಲ. ಕಾಡಂಚಿನ ನಮ್ಮಲ್ಲಿ ಢಮಾರ್ ಎಂದರೆ ಆನೆ ಓಡಿಸುವ ಪಟಾಕಿ, ಪಟಾಕಿ ಎಂದರೆ ಆನೆ. "ಆನೆ ಬಂತು! ಆನೆ ಬಂತು!" ಎಂದು ಮೊದಲು ಕೂಗಿದವಳು ಪುಟ್ಟತಾಯಮ್ಮ. ಮಕ್ಕಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿದವರೆಷ್ಟೋ, ತಗಡು ಬಡಿಯುತ್ತಾ ಹೊರಗೆ ಬಂದವರೆಷ್ಟೋ. ಆ ಗದ್ದಲದಲ್ಲಿ "ಆನೆ ಅಲ್ಲ ಕಣ್ರಪ್ಪಾ, ದೋಣಿ!" ಎಂದು ನಾನು ಅರಚಿದ್ದು ಯಾರ ಕಿವಿಗೂ ಬೀಳಲಿಲ್ಲ. ಕಿವಿಗೆ ಬಿದ್ದವರಿಗೂ ಅರ್ಥವಾಗಲಿಲ್ಲ.

ಕೆಳಗಿನ ಬೀದಿಯ ದಾಸಪ್ಪ ಎಲ್ಲವನ್ನೂ ಕಣ್ಣಾರೆ ಕಂಡವನೆಂದೇ ಹೆಸರಾದವನು. ಅವನು ಓಡಿಬಂದು ಜನರ ನಡುವೆ ನಿಂತ. "ನಾ ಕಂಡೆ ಕಣ್ರಲಾ! ಒಂಟಿ ಸಲಗ! ಸಿದ್ದಪ್ಪನ ಅಟ್ಟಿಗೇ ನುಗ್ತು! ದಂತ ಇಷ್ಟುದ್ದ ಅದೆ!"

ಸಿದ್ದಪ್ಪ ಎಂದರೆ ನಮ್ಮ ಯಜಮಾನರು. ಈ ಸುದ್ದಿ ಫೋನಿನಲ್ಲಿ ನಾನು ತಿಳಿಸುವ ಮೊದಲೇ ಹ್ಯಾಂಡ್‌ಪೋಸ್ಟ್ ತಲುಪಿತು. ದಾರಿಯಲ್ಲಿ ಸ್ವಲ್ಪ ಬೆಳೆದೂ ಬಿಟ್ಟಿತು. ಅವರು ಬಣ್ಣದ ಡಬ್ಬ ಹಿಡಿದುಕೊಂಡು ಟೀ ಕುಡಿಯುತ್ತಿದ್ದಾಗ ಯಾರೋ ಬಂದು, "ಸಿದ್ದಪ್ಪಣ್ಣ, ನಿಮ್ಮನೆ ಮೇಲೆ ಆನೆ ಬಿದ್ದದಂತೆ, ಅಕ್ಕ ಒಳಗೇ ಇದ್ಲಂತೆ," ಅಂದರಂತೆ.

ಇತ್ತ ಕಾಡು ಕಾಯುವವರ ಜೀಪು ನಮ್ಮ ಅಂಗಳಕ್ಕೆ ಬಂತು. ಒಬ್ಬರು ಕೋವಿ ಹಿಡಿದು ಇಳಿದರು.

"ಎಲ್ಲಮ್ಮಾ ಆನೆ?"

"ಆನೆ ಇಲ್ಲ ಸಾರ್."

"ಓಡಿಸಿದ್ರಾ?"

"ಬಂದಿದ್ರೆ ತಾನೇ ಸಾರ್ ಓಡ್ಸೋದು?"

ಅವರು ಹೊಗೆಯಾಡುವ ದೋಣಿ ನೋಡಿದರು, ಕರಕಲು ಈರುಳ್ಳಿ ನೋಡಿದರು, ಸಾಲಾಗಿ ಕೂತ ನಾಯಿಗಳನ್ನು ನೋಡಿದರು. ಕೊನೆಗೆ ನನ್ನನ್ನು ನೋಡಿದರು. "ಮತ್ತೆ ಇದೇನಮ್ಮಾ?"

"ತುಕ್ಕು ಹಿಡೀದೆ ಇರ್ಲಿ ಅಂತ ದೋಣಿ ಪಳಗಿಸ್ತಿದ್ದೆ ಸಾರ್."

ಅವರು ಕೋವಿಯನ್ನು ಮೆಲ್ಲಗೆ ಜೀಪಿನೊಳಗೆ ಇಟ್ಟು ಹೊರಟುಹೋದರು.

ಅಷ್ಟರಲ್ಲಿ ಯಾರದೋ ಬೈಕಿನ ಹಿಂದೆ ಕೂತು ನಮ್ಮ ಯಜಮಾನರು ಬಂದರು. ಬೈಕು ನಿಲ್ಲುವ ಮೊದಲೇ ಹಾರಿದರು. ಚಪ್ಪಲಿ ಒಂದೇ ಇತ್ತು. ಬಣ್ಣದ ಡಬ್ಬ ಮಾತ್ರ ಎದೆಗೊತ್ತಿಕೊಂಡಿದ್ದರು. ಮಸಿ ಹಿಡಿದು ಕಣ್ಣಷ್ಟೇ ಬಿಳಿಯಾಗಿದ್ದ ನನ್ನ ಗುರುತು ಅವರಿಗೆ ಸಿಗಲಿಲ್ಲ. ನನ್ನನ್ನೇ ಹಿಡಿದು, "ನನ್ನೆಡ್ತಿ ಎಲ್ಲವ್ವಾ? ಬದುಕವ್ಳಾ?" ಎಂದು ಕೇಳಿಬಿಟ್ಟರು.

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರ ದನಿ ನಡುಗಿದ್ದು ನಾನು ಕೇಳಿರಲಿಲ್ಲ. ಸೆರಗಿನಿಂದ ಮುಖದ ಮಸಿ ಒರೆಸಿಕೊಂಡು, "ನಾನೇ ಕಣ್ರೀ," ಅಂದೆ.

ಅವರು ನೆಲದ ಮೇಲೆ ಕೂತುಬಿಟ್ಟರು. ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ದೋಣಿ ನೋಡಿದರು. ಆಮೇಲೆ ಟೈರು ನೋಡಿದರು. ಪ್ರೀತಿ ಅಲ್ಲಿಗೆ ಮುಗಿಯಿತು.

"ಆನೆನೇ ಬಂದಿದ್ರೂ ಇಷ್ಟು ಆಳು ಮಾಡ್ತಿರ್ಲಿಲ್ವಲ್ಲೇ!"

ಮಾತು ನಿಜವೇ. ಅರೆಬೆಂದ ಎಣ್ಣೆ ತಗಡಿಗೆ ಅಂಟಾಗಿ ಹಿಡಿದುಕೊಂಡು ತುಕ್ಕಿಗಿಂತ ಗಟ್ಟಿಯಾಗಿತ್ತು. ಆಚೆ ದಡದಲ್ಲಿ ಎಲ್ಲರೂ ಹೊಲ ಹದ ಮಾಡುತ್ತಿದ್ದರು, ನಾವಿಬ್ಬರು ಈಚೆ ದಡದಲ್ಲಿ ದೋಣಿ ಕೆರೆಯುತ್ತಿದ್ದೆವು. ನೀರು ದಿನದಿನಕ್ಕೂ ಮೇಲೇರುತ್ತಿತ್ತು, ಯಜಮಾನರ ಸಿಟ್ಟೂ ಅದರ ಜೊತೆಗೇ. ಅಂತೂ ಕೆರೆದು, ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಚಕ್ರಕ್ಕೆ ಗ್ರೀಸು ತುಂಬಿ, ಬೇರೆ ಟೈರು ಹಾಕಿಸಿ, ಕಡೆಗೊಂದು ಸಂಜೆ ರೆಡ್ ಆಕ್ಸೈಡಿನ ಕೆಂಪು ಬಣ್ಣ ಬಳಿದು ಮುಗಿಸಿದರು.

ಕೈ ತೊಳೆಯುತ್ತಾ ನನಗೊಂದೇ ಕೆಲಸ ಹೇಳಿದರು. "ಮೋಡ ಆಗದೆ. ನಾನು ದೋಣಿ ಎಳ್ಯಾಕೆ ಟ್ರ್ಯಾಕ್ಟರ್ ಕೇಳ್ಕಂಡು ಬತ್ತೀನಿ. ಮಳೆ ಅನಿ ಬಿದ್ರೆ ಮೇಲೊಂದು ಟಾರ್ಪಾಲು ಎಳಿ. ಬ್ಯಾರೆ ಏನೂ ಮಾಡ್ಬ್ಯಾಡ. ಏನೂ!"

ಹನಿ ಬಿತ್ತು. ಟಾರ್ಪಾಲು ಎಳೆದೆ. ಗಾಳಿಗೆ ಹಾರತೊಡಗಿತು. ಮೇಲೆ ಭಾರಕ್ಕೆ ಏನಾದರೂ ಇಡಬೇಕಲ್ಲ? ಕಲ್ಲಿಟ್ಟರೆ ಬಣ್ಣ ಗೀಚುತ್ತದೆ ಎಂದು ಬಹಳ ಮುಂದಾಲೋಚನೆಯಿಂದ, ಜಗಲಿಯಲ್ಲಿ ರಾಶಿ ಬಿದ್ದಿದ್ದ ಹಲಸಿನ ಹಣ್ಣುಗಳನ್ನು ಒಂದೊಂದಾಗಿ ಹೊತ್ತು ತಂದು ಸುತ್ತಲೂ ಇಟ್ಟೆ. ಚೆನ್ನಾಗಿ ಮಾಗಿದ ಹಣ್ಣು. ಊರೆಲ್ಲ ಘಮಘಮ!

ಬೆಳಿಗ್ಗೆ ಬಾಗಿಲು ತೆರೆದರೆ ಹಲಸಿನ ಹಣ್ಣು ಒಂದೂ ಇಲ್ಲ. ಟಾರ್ಪಾಲು ಬೇಲಿಯಾಚೆ ಬಿದ್ದಿತ್ತು. ಅಂಗಳದ ಕೆಸರಿನಲ್ಲಿ ಮೊರದಗಲದ ಹೆಜ್ಜೆಗಳು. ಟಾರ್ಪಾಲಿನ ಕೆಳಗೆ ಗಾಳಿಯಾಡದೆ ಹಸಿಯಾಗಿಯೇ ಉಳಿದಿದ್ದ ಬಣ್ಣ ದೋಣಿಯ ಒಂದು ಪಕ್ಕದಲ್ಲಿ ಪೂರ್ತಿ ಮಾಯವಾಗಿತ್ತು. ಬಂದವನು ಹಣ್ಣು ತಿಂದು, ತೃಪ್ತಿಯಿಂದ ದೋಣಿಗೆ ಮೈ ಉಜ್ಜಿಕೊಂಡು ಹೋಗಿದ್ದ.

ಯಜಮಾನರು ಉಳಿದ ಬಣ್ಣದ ಡಬ್ಬವನ್ನು ಕೈಗೆತ್ತಿಕೊಂಡು, ಕುಂಚವನ್ನು ನಾನು ಮುಟ್ಟದಷ್ಟು ಎತ್ತರದಲ್ಲಿಟ್ಟುಕೊಂಡು, ಮತ್ತೆ ಬಳಿಯಲು ಕೂತರು. ರಾಗಿ ಬಿತ್ತನೆ ತಡವಾಗಿಯಾದರೂ ಆಯಿತು.

ಈಗ ಹಿನ್ನೀರಿನ ಆಚೆ ದಡದಲ್ಲಿ ಸಫಾರಿಯವರ ಜೀಪುಗಳು ಸಾಲಾಗಿ ನಿಲ್ಲುತ್ತವೆ. ಒಂದು ಪಕ್ಕ ಕಪ್ಪು, ಒಂದು ಪಕ್ಕ ಕೆಂಪು ಇರುವ ಸಲಗ ಹೊಸ ಜಾತಿಯದ್ದೋ ಏನೋ ಎಂದು ಜನ ಫೋಟೋ ತೆಗೆಯುತ್ತಾರಂತೆ. ನಾನು ದೋಣಿಯಲ್ಲಿ ಮುಖ ತಗ್ಗಿಸಿಕೊಂಡು ಕೂರುತ್ತೇನೆ. ನನ್ನ ಕೈಯಿಂದ ತುಕ್ಕು ಹಿಡಿಯದಂತೆ ಕಾಪಾಡಲ್ಪಟ್ಟ ಏಕೈಕ ಜೀವ ಅದು. ಅದಕ್ಕೆ ತುಕ್ಕು ಹಿಡಿಯುವ ಭಯ ಮೊದಲೂ ಇರಲಿಲ್ಲ!